ಸೈಕಲ್ಲಿಗೂ ಒಂದು ಸೂರು

ಲಕ್ಷ ರೂಪಾಯಿಯ ಸೈಕಲ್ ಏರಿ ಘಟ್ಟಕ್ಕೆ ಹೊರಟವರು ರಾತ್ರಿ ತಂಗಲು ಮುನ್ನೂರು ರೂಪಾಯಿಯ ಜಾಗ ಹುಡುಕುವುದನ್ನು ಕಂಡು ನಗುವವರಿದ್ದಾರೆ. ನಗಲಿ. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಜಿಪುಣತನ ಅಷ್ಟೇನೂ ಇಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ನಸುಕಿಗೇ ಹೊರಟವರು ದಾರಿಯಲ್ಲಿ ತಿಂಡಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಶೃಂಗೇರಿ ಮುಟ್ಟುತ್ತಾರೆ. ಒಂದು ರಾತ್ರಿ ತಂಗಿದರೆ ಮರುದಿನ ಮನೆ. ಸೈಕಲ್ಲಿನವರಿಗೆ ಅದೇ ದಾರಿಯಲ್ಲಿ ನಾಲ್ಕೈದು ರಾತ್ರಿಗಳು ಬೀಳುತ್ತವೆ. ಪೆಟ್ರೋಲಿನಲ್ಲಿ ಉಳಿದ ದುಡ್ಡು ರೂಮಿನ ಬಾಡಿಗೆಗೆ ಹೋಗುತ್ತದೆ, ಸಾಲದೆ ಕೈಯಿಂದಲೂ ಹೋಗುತ್ತದೆ. ನಿಧಾನವಾಗಿ ಹೋಗುವವನ ಖರ್ಚೆಲ್ಲ ರಾತ್ರಿಯದೇ. ಅದೂ ಅಲ್ಲದೆ ಎಲ್ಲರ ಸೈಕಲ್ಲೂ ಲಕ್ಷದ್ದಲ್ಲ. ಹನ್ನೆರಡು ಹದಿನೈದು ಸಾವಿರದ ಗೇರ್ ಸೈಕಲ್ ಹಿಡಿದು, ಹಿಂದಿನ ಕ್ಯಾರಿಯರ್‌ಗೆ ಕಾಲೇಜು ಬ್ಯಾಗನ್ನೇ ಹಗ್ಗದಲ್ಲಿ ಬಿಗಿದು ಹೊರಡುವ ಹುಡುಗರೇ ಹೆಚ್ಚು.

ಈ ಹುಚ್ಚು ಈಗ ನಮ್ಮಲ್ಲಿ ಚೆನ್ನಾಗಿಯೇ ಬೇರು ಬಿಟ್ಟಿದೆ. ಬೆಂಗಳೂರಿನವರು ತುರಹಳ್ಳಿ, ಅವಲಹಳ್ಳಿಯ ಕಲ್ಲುಮಣ್ಣಿನ ಜಾಡುಗಳಲ್ಲಿ ಭಾನುವಾರ ಬೆಳಿಗ್ಗೆ ಕೈಕಾಲು ತರಚಿಕೊಂಡು ಕಲಿಯುತ್ತಾರೆ. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಓಟವೆಂದರೆ ಮೊದಲಿನಿಂದಲೂ ಊರಿನ ಅಭಿಮಾನದ ಸಂಗತಿ. 2021ರಲ್ಲಿ ಗದಗದಲ್ಲಿ ಮೌಂಟನ್ ಬೈಕ್‌ನ ರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಮಳೆ ಹಿಂದೆ ಸರಿದು ದಾರಿ ಗಟ್ಟಿಯಾಗುವ ಅಕ್ಟೋಬರ್ ಬಂದರೆ ಇವರೆಲ್ಲರ ಕಣ್ಣು ಚಿಕ್ಕಮಗಳೂರು, ಕೊಡಗು, ತೀರ್ಥಹಳ್ಳಿಯ ಕಡೆಗೆ. ಎಲ್ಲರದೂ ಒಂದೇ ಪ್ರಶ್ನೆ: ಕಮ್ಮಿ ದುಡ್ಡಿಗೆ ಎಲ್ಲಿ ಉಳಿಯುವುದು?

ಮೊಬೈಲ್ ತೆರೆದರೆ ಮೊದಲು ಕಾಣುವುದು ಹೋಮ್‌ಸ್ಟೇ. ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಬೆಳೆಗಾರರ ಮನೆಗೆ ಅದು ಆಸರೆಯಾಗಿದೆ. ಆದರೆ ಅದರ ಲೆಕ್ಕಾಚಾರ ಕಾರಿನದು. ಶನಿವಾರ ರಾತ್ರಿ ತಲೆಗೆ ಎರಡು ಸಾವಿರ, ಮೂರು ಸಾವಿರ ಎನ್ನುವುದು ಈಗ ಮಾಮೂಲು. ಕನಿಷ್ಠ ಇಬ್ಬರು, ಕೆಲವು ಕಡೆ ಕನಿಷ್ಠ ನಾಲ್ವರು ಇರಬೇಕು. ಮನೆ ಇರುವುದು ಡಾಂಬರು ರಸ್ತೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಜೀಪು ಮಾತ್ರ ಏರುವ ಕಡಿದಾದ ದಾರಿಯಲ್ಲಿ. ಬೆಳಗಿನಿಂದ ಏರಿ ಇಳಿದು ತೊಡೆ ಬಿಗಿದವನಿಗೆ ಆ ಕೊನೆಯ ಏರು ಬಹಳ ದುಬಾರಿ. ಕ್ಯಾಂಪ್‌ಫೈರ್, ಸಂಗೀತ, ರಾತ್ರಿ ಹತ್ತಕ್ಕೆ ಊಟ, ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಎಲ್ಲವೂ ಆ ದರದಲ್ಲಿ ಸೇರಿರುತ್ತವೆ. ಸೈಕಲ್ಲಿನವನಿಗೆ ಬೇಕಾದದ್ದು ಬೇರೆಯೇ: ಸಂಜೆ ಏಳಕ್ಕೆ ಹೊಟ್ಟೆ ತುಂಬ ಅನ್ನ, ಒಂದು ಹಂಡೆ ಬಿಸಿನೀರು, ಒದ್ದೆ ಬಟ್ಟೆ ಹರವಲು ಹಗ್ಗ, ಸೈಕಲ್ ಒಳಗಿಡಲು ಜಾಗ, ಬೆಳಿಗ್ಗೆ ಆರಕ್ಕೆ ಬೀಗ ತೆಗೆದು ಬಿಡುವ ಒಬ್ಬ ಮನುಷ್ಯ. ಬೇಡದ್ದಕ್ಕೆ ದುಡ್ಡು ಕೊಟ್ಟು ಬೇಕಾದದ್ದಕ್ಕೆ ಗೋಗರೆಯುವುದು ಯಾತಕ್ಕೆ? ಹೋಮ್‌ಸ್ಟೇಯೇ ಬೇಕೆಂದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಫೋನಿನಲ್ಲಿ ನೇರವಾಗಿ ಮನೆಯವರ ಹತ್ತಿರವೇ ಮಾತಾಡಿ, ಒಬ್ಬರೇ ಬರುತ್ತಿದ್ದೇವೆ, ಮನೆಯಲ್ಲಿ ಮಾಡಿದ್ದೇ ಸಾಕು ಎಂದು ಹೇಳಿ. ದರ ಎಷ್ಟೋ ಕಡಿಮೆಯಾಗುತ್ತದೆ.

ಕಾರು ಬರುವ ಮೊದಲೂ ಜನ ಮಲೆನಾಡಿನಲ್ಲಿ ಓಡಾಡುತ್ತಿದ್ದರು. ನಡೆದು, ಎತ್ತಿನ ಗಾಡಿಯಲ್ಲಿ, ಕೊನೆಗೆ ಸಾಮಾನು ಹೊತ್ತ ಕುದುರೆಯ ಹಿಂದೆ. ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರೋ ಅಲ್ಲೇ ಛತ್ರ, ಮಠ, ಗುಡಿಯ ಪೌಳಿ ಎದ್ದವು. ಉಡುಪಿಯಿಂದ ಹೊರಟರೆ ಹೆಬ್ರಿ, ಸೋಮೇಶ್ವರ ದಾಟಿ, ಹದಿನಾಲ್ಕು ತಿರುವು ಹತ್ತಿ ಆಗುಂಬೆ. ಒಟ್ಟು 55 ಕಿ.ಮೀ. ಆಸುಪಾಸು. ಅಲ್ಲಿಂದ ಶೃಂಗೇರಿಗೆ 30 ಕಿ.ಮೀ. ಒಳಗೆ. ಮುಂದೆ ಭದ್ರಾ ತೀರದ ಬಾಳೆಹೊನ್ನೂರು, ಕಳಸ, ಕಳಸದಿಂದ ಎಂಟೇ ಕಿಲೋಮೀಟರಿಗೆ ಹೊರನಾಡು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಧರ್ಮಸ್ಥಳ, ಅಲ್ಲಿಂದ 55 ಕಿ.ಮೀ. ಸುಮಾರಿಗೆ ಸುಬ್ರಹ್ಮಣ್ಯ. ಘಟ್ಟದ ಏರಿಳಿತದಲ್ಲಿ ಸೈಕಲ್ಲಿನವನು ಒಂದು ದಿನಕ್ಕೆ ಸಮಾಧಾನವಾಗಿ ತುಳಿಯಬಹುದಾದ ದೂರವೂ ಹೆಚ್ಚುಕಡಿಮೆ ಇಷ್ಟೇ. ಕಾಲಿನ ಬಲದಿಂದ ಹೋಗುವವರಿಗಾಗಿ ಹಾಸಿದ ದಾರಿ ಇದು. ಕಾರಿನವರಿಗೆ ಇವು ಒಂದೇ ದಿನದಲ್ಲಿ ಮುಗಿಸುವ ಐದು ದರ್ಶನಗಳು. ಸೈಕಲ್ಲಿನವರಿಗೆ ಐದು ರಾತ್ರಿಯ ಸೂರು.

ಈ ಊರುಗಳಲ್ಲಿ ದೇವಸ್ಥಾನದ ವಸತಿಗೃಹಗಳಿವೆ, ಹಜಾರಗಳಿವೆ, ಮಧ್ಯಾಹ್ನ ಮತ್ತು ರಾತ್ರಿ ಎರಡು ಹೊತ್ತೂ ಪಂಕ್ತಿಯ ಊಟವಿದೆ. ಸಾರು, ಅನ್ನ, ಪಾಯಸ, ಮಜ್ಜಿಗೆ. ಬಡಿಸುವವರು ಎರಡನೆಯ ಸಲವೂ ಬರುತ್ತಾರೆ, ಮೂರನೆಯ ಸಲವೂ ಬರುತ್ತಾರೆ. ದಿನವಿಡೀ ಪೆಡಲ್ ತುಳಿದವನ ಹಸಿವಿಗೆ ಇದಕ್ಕಿಂತ ಒಳ್ಳೆಯ ಹೋಟೆಲು ಎಲ್ಲೂ ಇಲ್ಲ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಬೆಂಗಳೂರಿನಿಂದ ನಡೆದು ಹೋಗುವವರ ಹಿಂಡುಗಳನ್ನು ನೋಡಿ. ದಾರಿಯುದ್ದಕ್ಕೂ ಶಾಲೆಯ ಜಗಲಿ, ಸಮುದಾಯ ಭವನ, ಯಾರದೋ ಅಡಿಕೆ ಅಂಗಳ ಅವರಿಗೆ ತೆರೆದುಕೊಳ್ಳುತ್ತದೆ. ಆ ದಿನಗಳಲ್ಲಿ ಮಾತ್ರ ನೀವು ಆ ದಾರಿಯ ಕಡೆ ಹೋಗಬೇಡಿ, ನಿಂತುಕೊಳ್ಳಲೂ ಜಾಗ ಸಿಗುವುದಿಲ್ಲ. ಕಾರ್ತಿಕದ ಲಕ್ಷದೀಪ, ದಸರಾ ರಜೆ, ಮಕ್ಕಳ ಬೇಸಿಗೆ ರಜೆಗೂ ಇದೇ ಮಾತು.

ಆದರೆ ಒಂದು ತೊಡಕಿದೆ. ಕೌಂಟರಿನಲ್ಲಿ ನಿಂತಾಗ ಅದು ಗೊತ್ತಾಗುತ್ತದೆ.

“ಎಷ್ಟು ಜನ?”

“ಒಬ್ನೇ.”

“ಒಬ್ರಿಗೆ ರೂಮ್ ಕೊಡೋ ಕ್ರಮ ಇಲ್ಲ ಮಾರಾಯ್ರೆ.”

ಗುಮಾಸ್ತರ ಕಣ್ಣು ಹೆಲ್ಮೆಟ್‌ನಿಂದ ಇಳಿದು, ಕೆಸರು ಮೆತ್ತಿದ ಮೊಣಕಾಲಿಗೆ ಬಂದು, ಮೈಗಂಟಿದ ಸೈಕಲ್ ಚಡ್ಡಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಒಬ್ಬಂಟಿಗೆ ಕೋಣೆ ಕೊಡದ ಈ ಪದ್ಧತಿ ಹಲವು ಕ್ಷೇತ್ರಗಳಲ್ಲಿದೆ. ಕಾರಣ ಕೇಳಿದರೆ ಯಾರೂ ಬಿಡಿಸಿ ಹೇಳುವುದಿಲ್ಲ. ಬಾಗಿಲು ಹಾಕಿಕೊಂಡ ಒಬ್ಬಂಟಿ ಬೆಳಿಗ್ಗೆ ಬಾಗಿಲು ತೆರೆಯದೇ ಇದ್ದರೆ ಎಂಬ ಭಯ ಅದರ ಹಿಂದಿದೆ. ಅಂಥ ಬೆಳಗನ್ನು ಕಂಡವರ ಜೊತೆ ವಾದ ಮಾಡುವುದು ಸರಿಯಲ್ಲ. ಕೋಣೆ ಬೇಡ, ಹಾಲ್‌ನಲ್ಲಿ ಚಾಪೆ ಸಾಕು ಎಂದು ಕೇಳಿದರೆ ಮುಖ ಸಡಿಲಾಗುತ್ತದೆ. ಆಧಾರ್ ಕಾರ್ಡಿನ ಜೊತೆ ಮನೆಯವರ ಫೋನ್ ನಂಬರನ್ನೂ ನೀವಾಗಿಯೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಬ್ಯಾಗಿನಲ್ಲಿ ಒಂದು ಪಂಚೆ ಇರಲಿ. ಅದು ಊಟದ ಪಂಕ್ತಿಗೆ ಉಡುಪು, ರಾತ್ರಿಗೆ ಹೊದಿಕೆ, ಬೆಳಿಗ್ಗೆ ಟವೆಲ್ಲು. ನನಗೆ ಗೊತ್ತಿರುವ ಸೈಕಲ್ ಸಾಮಾನುಗಳಲ್ಲಿ ಇಷ್ಟು ಕಡಿಮೆ ತೂಕದ, ಇಷ್ಟು ಕೆಲಸಕ್ಕೆ ಬರುವ ಸಾಮಾನು ಮತ್ತೊಂದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಅವರು ಬಾಡಿಗೆ ಕೇಳುವ ಮೊದಲು ಬಾಗಿಲಿನ ಚಿಲಕ ನೋಡುತ್ತಾರೆ. ಅಗ್ಗದ ಲಾಡ್ಜಿಗಿಂತ ದೇವಸ್ಥಾನದ ವಸತಿ, ಇಲ್ಲವೇ ಹೆಂಗಸರಿರುವ ಮನೆಯ ಹೋಮ್‌ಸ್ಟೇ ಎಂದು ಅವರು ಹೇಳಿದರೆ ಅದೇ ಸರಿ. ನೂರಿನ್ನೂರು ಉಳಿಸಲು ಅವರನ್ನು ಒತ್ತಾಯಿಸುವ ಗುಂಪಿನ ನಾಯಕರಿಗೆ ಬುದ್ಧಿ ಕಡಿಮೆ.

ತಾಲ್ಲೂಕು ಕೇಂದ್ರದ ಲಾಡ್ಜಿನ ಕಥೆ ಇನ್ನೊಂದು. ಕೊಪ್ಪ, ಮೂಡಿಗೆರೆ, ಸಕಲೇಶಪುರ, ತೀರ್ಥಹಳ್ಳಿ, ಎಲ್ಲೇ ಆಗಲಿ ಬಸ್‌ಸ್ಟ್ಯಾಂಡಿನ ಸುತ್ತ ನಾಲ್ಕಾರು ಲಾಡ್ಜುಗಳಿರುತ್ತವೆ. ಕೆಳಗೆ ಬೇಕರಿ ಅಥವಾ ಗೊಬ್ಬರದ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ರೂಮುಗಳು. ಬಾಡಿಗೆಗೆ ತಕರಾರಿಲ್ಲ. ತಕರಾರು ಸೈಕಲ್ಲಿನದು. ಮ್ಯಾನೇಜರ್ ಗೋಡೆಗೆ ಹೊಸ ಸುಣ್ಣ ಹೊಡೆಸಿರುತ್ತಾನೆ, ಮೆಟ್ಟಿಲಿನಲ್ಲಿ ಟೈರಿನ ಕರಿ ಗೆರೆ ಬೀಳುವುದು ಅವನಿಗೆ ಬೇಡ. “ಹೊರಗೆ ಬೈಕ್ ಪಕ್ಕ ನಿಲ್ಸಿ ಸಾರ್, ಏನೂ ಆಗಲ್ಲ” ಎನ್ನುತ್ತಾನೆ. ಅವನಿಗೆ ಏನೂ ಆಗದೆ ಇರಬಹುದು, ಸೀಟು, ಪಂಪು, ಲೈಟು ಬೆಳಿಗ್ಗೆ ಇರುವುದಿಲ್ಲ. ಆದ್ದರಿಂದ ಫೋನಿನಲ್ಲಿ ದರ ಕೇಳುವ ಮುಂಚೆ ಸೈಕಲ್ ಎಲ್ಲಿ ಇಡಬಹುದು ಎಂದೇ ಕೇಳಬೇಕು. ಜನರೇಟರ್ ಕೋಣೆ, ಮೆಟ್ಟಿಲ ಕೆಳಗಿನ ಗೂಡು, ಹೋಟೆಲಿನ ಹಿಂದಿನ ಸೌದೆ ಕೊಟ್ಟಿಗೆ ಯಾವುದಾದರೂ ಆಗುತ್ತದೆ, ಬೀಗ ಬಿದ್ದರೆ ಸರಿ. ಬಂದಕೂಡಲೇ ರೂಮಿನ ಬಚ್ಚಲಿಗೆ ಸೈಕಲ್ ನುಗ್ಗಿಸಿ ತೊಳೆಯುವುದು, ಚೈನಿನ ಗ್ರೀಸನ್ನು ಲಾಡ್ಜಿನ ಬಿಳಿ ಟವೆಲ್ಲಿಗೆ ಒರೆಸುವುದು, ಇವನ್ನೆಲ್ಲ ಮಾಡಿ ಹೆಸರು ಕೆಡಿಸಿದವರು ನಮ್ಮವರೇ. ಒಂದು ಹಳೇ ಬನಿಯನ್ನಿನ ತುಂಡು ಜೊತೆಗಿದ್ದರೆ ಮುಂದೆ ಬರುವ ಸೈಕಲ್ಲಿನವನಿಗೆ ಬಾಗಿಲು ಮುಚ್ಚುವುದಿಲ್ಲ.

ಇಷ್ಟೆಲ್ಲ ಯಾಕೆ, ಟೆಂಟ್ ಹಾಕಿದರಾಯಿತಲ್ಲ ಎನ್ನುವವರೂ ಇದ್ದಾರೆ. ಘಟ್ಟದಲ್ಲಿ ಅದು ಅಷ್ಟು ಸುಲಭವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಟೆಂಟಿನ ಮಾತು ದೂರ. ಉಳಿದದ್ದು ಯಾರದೋ ತೋಟ, ಮಾಲೀಕರನ್ನು ಕೇಳದೆ ಗೂಟ ಹೊಡೆಯುವಂತಿಲ್ಲ. ಇನ್ನು ಆನೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಆನೆ ಈಗ ದಿನನಿತ್ಯದ ಸುದ್ದಿ. ತೋಟದ ಆಳುಗಳೇ ಬೆಳಿಗ್ಗೆ ಆನೆ ಎಲ್ಲಿದೆ ಎಂಬ ಮೆಸೇಜ್ ನೋಡಿ ಕೆಲಸಕ್ಕೆ ಹೊರಡುವ ಊರಿನಲ್ಲಿ ಸದ್ದಿಲ್ಲದ ಸೈಕಲ್ ಮಬ್ಬುಗತ್ತಲಲ್ಲಿ ತಿರುವು ತಿರುಗುವುದು ಸಾಹಸವಲ್ಲ, ಅವಿವೇಕ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯ ವಾಹನ ಸಂಚಾರವೇ ನಿಂತಿದೆ. ಸೈಕಲ್ಲಿನವನು ತನಗೆ ತಾನೇ ಇನ್ನೂ ಬಿಗಿಯಾದ ನಿಷೇಧ ಹಾಕಿಕೊಳ್ಳಬೇಕು: ಸಂಜೆ ನಾಲ್ಕೂವರೆಗೆ ತಂಗುವ ಜಾಗ ಕಣ್ಣಿಗೆ ಬಿದ್ದಿರಬೇಕು. ಮಧ್ಯಾಹ್ನವೇ ಫೋನ್ ಮಾಡಿ ಜಾಗ ಹೇಳಿಡುವುದು ಚೌಕಾಸಿಗೂ ಒಳ್ಳೆಯದು. ಕತ್ತಲಾದ ಮೇಲೆ ಬಂದವನ ಹತ್ತಿರ ಯಾರೂ ದರ ಇಳಿಸುವುದಿಲ್ಲ.

ಸರ್ಕಾರದ ಸೂರುಗಳೂ ಇಲ್ಲದಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಕೋಣೆಗಳಿವೆ. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಜನ ಈಗಲೂ ಐಬಿ ಎಂದೇ ಕರೆಯುವುದು, ಹೆಚ್ಚುಕಡಿಮೆ ಪ್ರತಿ ತಾಲ್ಲೂಕಿನಲ್ಲಿದೆ. ಎತ್ತರದ ಚಾವಣಿ, ಅಗಲ ಜಗಲಿ, ಊರಿನ ಅತಿ ಒಳ್ಳೆಯ ನೋಟವಿರುವ ದಿಬ್ಬ. ಕುದುರೆಯ ಮೇಲೆ ಬಂದು ರಸ್ತೆ, ಸೇತುವೆ ನೋಡುತ್ತಿದ್ದ ಸಾಹೇಬರಿಗಾಗಿ ಕಟ್ಟಿಸಿದ್ದು. ಅಲ್ಲಿನ ಮೇಟಿ ಮನಸ್ಸು ಮಾಡಿದರೆ ಸೈಕಲ್ ಜಗಲಿಯ ಮೇಲೇ ನಿಲ್ಲುತ್ತದೆ, ರಾತ್ರಿಗೆ ಮೊಟ್ಟೆ ಸಾರೂ ಆಗುತ್ತದೆ. ಆದರೆ ಬುಕಿಂಗ್ ಖಾತ್ರಿಯಿಲ್ಲ. ರಾತ್ರಿ ಎಂಟಕ್ಕೆ ಯಾರೋ ಅಧಿಕಾರಿ ಬರುತ್ತಾರೆಂದು ಫೋನ್ ಬಂದರೆ ನೀವು ಗಂಟುಮೂಟೆ ಕಟ್ಟಬೇಕು. ವರ್ಷದ ಬಹುಪಾಲು ದಿನ ಖಾಲಿ ಬಿದ್ದಿರುವ ಕೋಣೆಯೊಂದನ್ನು ಬರದಿರುವ ಅಧಿಕಾರಿಗಾಗಿ ಕಾಯ್ದಿಡುವ ಈ ಪದ್ಧತಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಖಾಲಿ ಕಟ್ಟಡವನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದಾರೆ. ಜರ್ಮನಿಯಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರಿದ್ದರು. ಮಕ್ಕಳನ್ನು ಕರೆದುಕೊಂಡು ಊರಿಂದೂರಿಗೆ ದಿನಗಟ್ಟಲೆ ನಡೆಯುವುದು ಅವರ ಪಾಠದ ಕ್ರಮ. 1909ರ ಆಗಸ್ಟ್‌ನಲ್ಲಿ ಒಂದು ಸಂಜೆ ಗುಡುಗು ಮಳೆಗೆ ಸಿಕ್ಕಿ ಹಳ್ಳಿಯೊಂದರ ಶಾಲೆಯ ಕಟ್ಟಡದಲ್ಲಿ ಮಕ್ಕಳ ಜೊತೆ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೆಲ್ಲ ಹೀಗೆ ನಡೆಯುವ ಮಕ್ಕಳಿಗೆ ತೆರೆದುಕೊಳ್ಳಬಾರದೇಕೆ ಎಂಬ ಯೋಚನೆ ಅವರಿಗೆ ಬಂದದ್ದು ಆ ರಾತ್ರಿ. ಕೆಲವೇ ವರ್ಷಗಳಲ್ಲಿ ಆಲ್ಟೆನಾದ ಹಳೇ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ಶುರುವಾಯಿತು. ಇಂಗ್ಲೆಂಡಿಗೆ ಈ ಚಳವಳಿ 1930ರಲ್ಲಿ ಹೋಯಿತು. ಅಲ್ಲಿನ ಹಾಸ್ಟೆಲುಗಳಲ್ಲಿ ದಶಕಗಳ ಕಾಲ ಕಾರಿನಲ್ಲಿ ಬಂದವರಿಗೆ ಜಾಗವೇ ಇರಲಿಲ್ಲ. ನಡೆದು ಬಂದವರಿಗೆ, ಸೈಕಲ್ಲಿನಲ್ಲಿ ಬಂದವರಿಗೆ ಮಾತ್ರ. ಬೆಳಿಗ್ಗೆ ಹೊರಡುವ ಮುಂಚೆ ಕಸ ಗುಡಿಸುವುದೋ ಪಾತ್ರೆ ತೊಳೆಯುವುದೋ ಒಂದು ಕೆಲಸ ಮಾಡಿಕೊಟ್ಟು ಹೋಗಬೇಕಿತ್ತು. ನಮ್ಮ ದೇಶದಲ್ಲೂ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಇದೆ, ಮೈಸೂರಿನಲ್ಲಿ ಯೂತ್ ಹಾಸ್ಟೆಲ್ ಇದೆ. ಆದರೆ ಘಟ್ಟದ ಹಳ್ಳಿಗಳ ತನಕ ಆ ಸರಪಳಿ ಬರಲಿಲ್ಲ.

ನಮಗೆ ಈ ವಿಚಾರ ಹೊಸದೂ ಅಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗಿರುವ ಗುಬ್ಬಿ ತೋಟದಪ್ಪನವರ ಛತ್ರ 1903ರದ್ದು. ಊರಿಗೆ ಬಂದು ತಂಗಲು ಜಾಗವಿಲ್ಲದವರಿಗಾಗಿ ಒಬ್ಬ ವ್ಯಾಪಾರಿ ತನ್ನ ಗಳಿಕೆಯಲ್ಲಿ ಕಟ್ಟಿಸಿದ್ದು. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಆಗುಂಬೆಯ ದೊಡ್ಡಮನೆಯವರು ದಾರಿಹೋಕರಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟು, ದರ ಹೇಳದೆ, ಕೊಟ್ಟಷ್ಟು ತೆಗೆದುಕೊಂಡು ಹೆಸರಾದವರು. ಇಂಥ ಕಡೆ ತಂಗಿದವರಲ್ಲಿ ಕೆಲವರು ಐವತ್ತು ರೂಪಾಯಿ ಇಟ್ಟು ಹೊರಟದ್ದನ್ನೂ ಕೇಳಿದ್ದೇನೆ. ದೇವಸ್ಥಾನದ ಕೋಣೆಯ ಬಾಗಿಲ ಮೇಲೆ ಇಂಥವರ ಸ್ಮರಣಾರ್ಥ ಎಂದು ಕಲ್ಲಿನಲ್ಲಿ ಕೆತ್ತಿದ್ದನ್ನು ನಾವು ಓದುವುದಿಲ್ಲ. ಕಮ್ಮಿ ಬಾಡಿಗೆಯ ಹಾಸಿಗೆಯ ಉಳಿದ ಬಾಡಿಗೆಯನ್ನು ಯಾರೋ ಮೊದಲೇ ಕಟ್ಟಿ ಹೋಗಿದ್ದಾರೆ. ಕೈಯಲ್ಲಿ ಕಾಸಿದ್ದವರು ಹೊರಡುವಾಗ ಅನ್ನದಾನದ ಹುಂಡಿಗೆ ಇನ್ನೊಬ್ಬರ ಊಟದ ದುಡ್ಡನ್ನೂ ಹಾಕುವುದು ಮರ್ಯಾದೆ.

ಈಗ ಮಲೆನಾಡಿನ ಹಳ್ಳಿಗಳಲ್ಲಿ ಬೇರೊಂದು ಬಗೆಯ ಖಾಲಿ ಸೂರುಗಳಿವೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತ ಮೇಲೆ ಬಿಕೋ ಎನ್ನುತ್ತಿರುವ ಕ್ವಾರ್ಟರ್ಸುಗಳನ್ನು ನಾನು ಹೇಳುತ್ತಿಲ್ಲ, ಅದು ಕಾಡಿನ ಒಡಲೊಳಗಿನ ಊರು, ಕಾಡಿಗೇ ಇರಲಿ. ನಾನು ಹೇಳುತ್ತಿರುವುದು ಮಕ್ಕಳಿಲ್ಲದೆ ಬೀಗ ಬಿದ್ದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು. ಎರಡು ಕೋಣೆ, ಹಂಚಿನ ಮಾಡು, ಮುಂದೊಂದು ಜಗಲಿ, ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ, ಶೌಚಾಲಯ, ಹಿತ್ತಲಲ್ಲಿ ಬಾವಿ. ಎಷ್ಟೋ ಕಡೆ ಜಾಗವನ್ನು ಊರಿನವರೇ ದಾನ ಕೊಟ್ಟಿದ್ದಾರೆ. ಎರಡು ಮಳೆಗಾಲ ಯಾರೂ ಕಾಲಿಡದಿದ್ದರೆ ಹಂಚು ಜಾರುತ್ತದೆ, ರೀಪಿಗೆ ಗೆದ್ದಲು ಹತ್ತುತ್ತದೆ, ಆಮೇಲೆ ಕಟ್ಟಡ ಯಾರಿಗೂ ಬೇಡ. ಶಿರ್ಮನ್ ಮೇಷ್ಟ್ರು ರಜೆಯ ಶಾಲೆಯನ್ನು ಕೇಳಿದರು. ನಮ್ಮಲ್ಲಿ ಶಾಲೆಗಳಿಗೇ ರಜೆ ಸಿಕ್ಕಿದೆ. ಅಲ್ಲಿ ಹತ್ತು ಮಂಚ, ಹತ್ತು ರಗ್ಗು, ಒಂದು ಹಂಡೆ ಒಲೆ, ಗೋಡೆಯುದ್ದಕ್ಕೆ ಸೈಕಲ್ ಕಟ್ಟಲು ಒಂದು ಕಬ್ಬಿಣದ ಸರಳು ಹಾಕಿದರೆ ಸಾಕು. ಹಿಂದೆ ಬಿಸಿಯೂಟ ಮಾಡುತ್ತಿದ್ದ ಹೆಂಗಸರೇ ಅಡುಗೆ ಮಾಡಲಿ, ಊರಿನ ಸ್ತ್ರೀಶಕ್ತಿ ಸಂಘ ಬಾಡಿಗೆ ಪಡೆದು ನಡೆಸಲಿ, ಲೆಕ್ಕ ಪಂಚಾಯಿತಿಯ ಮುಂದಿರಲಿ. ಊರಿಗೆ ಮತ್ತೆ ಮಕ್ಕಳು ಬಂದರೆ ಮಂಚ ತೆಗೆದು ಬೆಂಚು ಹಾಕುವ ಕರಾರೂ ಇರಲಿ.

ಪ್ರವಾಸೋದ್ಯಮ ಇಲಾಖೆಯೂ ಶಿಕ್ಷಣ ಇಲಾಖೆಯೂ ಒಂದು ಮೇಜಿನ ಮುಂದೆ ಕೂತು, ಕೊಪ್ಪ, ಮೂಡಿಗೆರೆ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದೊಂದು ಶಾಲೆಯಿಂದ ಇದನ್ನು ಶುರು ಮಾಡಬೇಕು. ರೆಸಾರ್ಟಿನ ಕಡತಗಳಿಗೆ ಸಿಗುವ ಗಮನದಲ್ಲಿ ಹತ್ತನೆಯ ಒಂದು ಪಾಲು ಸಿಕ್ಕರೆ ಬರುವ ಅಕ್ಟೋಬರಿಗೆ ಬಾಗಿಲು ತೆಗೆಯಬಹುದು. ಬೋರ್ಡಿನ ಮೇಲೆ ಒಂದು ನಿಯಮ ಮಾತ್ರ ಖಡಕ್ಕಾಗಿ ಬರೆಸಿ: ಮೊದಲ ಜಾಗ ನಡೆದು ಬಂದವರಿಗೆ, ಸೈಕಲ್ ತುಳಿದು ಬಂದವರಿಗೆ; ಕಾರಿನವರಿಗೆ ಉಳಿದರೆ ಮಾತ್ರ.